ಎಡಗಾಲಿಗೊಂದು ಕಲ್ಲು

ನಮ್ಮ ಮನೆಯ ಗೇಟಿನ ಪಕ್ಕ ಒಂದು ಕೆಂಪುಕಲ್ಲು ಬಿದ್ದುಕೊಂಡಿದೆ. ಮನೆ ಕಟ್ಟುವಾಗ ಉಳಿದದ್ದು. ಹಾಲಿನವನು ಅದನ್ನು ಎಡವುತ್ತಾನೆ, ಪೋಸ್ಟಿನವನು ಎಡವುತ್ತಾನೆ, ನೆಂಟರು ಹೆಬ್ಬೆರಳು ಹಿಡಿದುಕೊಂಡೇ ಒಳಗೆ ಬರುತ್ತಾರೆ. "ಇದನ್ನೊಮ್ಮೆ ತೆಗೆಸಿ ಮಾರಾಯ್ರೆ" ಎಂದು ಹೆಂಡತಿ ಹೇಳಲು ಸುರು ಮಾಡಿ ಎಷ್ಟು ಮಳೆಗಾಲ ಹೋಯಿತೋ. ನಾನು ಹೂಂ ಎನ್ನುತ್ತೇನೆ. ಮರುದಿನ ಬೆಳಿಗ್ಗೆ ಸ್ಕೂಟರನ್ನು ಅದರ ಪಕ್ಕಕ್ಕೆ ತಂದು, ಎಡಗಾಲನ್ನು ಕಲ್ಲಿನ ಮೇಲಿಟ್ಟು, ಬಲಗಾಲನ್ನು ಆಚೆ ಹಾಕಿ ಕೂರುತ್ತೇನೆ. ಸ್ಕೂಟರ್ ಹತ್ತಲಿಕ್ಕೆ ಕಲ್ಲು ಬೇಕೇ? ಬೇಡ. ಸ್ಕೂಟರಿಗೆ ಬೇಡ, ನನಗೆ ಬೇಕು.

ನಗುವುದಿದ್ದರೆ ಈಗಲೇ ನಗಿ. ಆಮೇಲೆ ನಗಲಿಕ್ಕೆ ಬೇರೆ ಉಂಟು.

ಬಂಟ್ವಾಳ ಪೇಟೆಯಲ್ಲಿ ನಾನು ಹುಡುಗನಾಗಿದ್ದ ಕಾಲಕ್ಕೆ ಸೈಕಲ್ ಕಲಿಯಬೇಕಾದರೆ ಕೊಗ್ಗಣ್ಣನ ಬಾಡಿಗೆ ಸೈಕಲ್ ಅಂಗಡಿಗೇ ಹೋಗಬೇಕಿತ್ತು. ಆ ಅಂಗಡಿಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ರಬ್ಬರು, ಪಂಕ್ಚರ್ ಹಾಕುವ ಸೊಲ್ಯೂಷನ್, ಸೀಮೆಎಣ್ಣೆಯಲ್ಲಿ ನೆನೆಹಾಕಿದ ಚೈನು. ಮೂಲೆಯಲ್ಲಿ ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಕಪ್ಪು ನೀರು. ಕೊಗ್ಗಣ್ಣ ಗಾಳಿ ತುಂಬಿದ ಟ್ಯೂಬನ್ನು ಆ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡುವಾಗ ನಾವೆಲ್ಲ ಉಸಿರು ಹಿಡಿದು ಕೂತಿರುತ್ತಿದ್ದೆವು. ಗುಳ್ಳೆ ಬಂದ ಕೂಡಲೇ "ಅಗೋ!" ಎಂದು ಎಲ್ಲರೂ ಒಟ್ಟಿಗೆ ಕೂಗುವುದು. ನಮಗೆ ಅದೇ ಸಿನಿಮಾ.

ಕೊಗ್ಗಣ್ಣನಿಗೆ ಒಂದು ಜನ್ಮದ್ವೇಷ ಇತ್ತು. ಓಡಿಕೊಂಡು ಬಂದು ಪೆಡಲಿನ ಮೇಲೆ ಕಾಲಿಟ್ಟು, ಕುಪ್ಪಳಿಸಿ, ಹಿಂದಿನಿಂದ ಕಾಲು ಹಾರಿಸಿ ಸೈಕಲ್ ಹತ್ತುತ್ತಾರಲ್ಲ, ಅವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಹಾರಿ ಹತ್ತಿದ್ರೆ ಕಾಟರ್ ಪಿನ್ನು ಹೋಗ್ತದೆ" ಎಂಬುದು ಅವನ ವೇದವಾಕ್ಯ. ಪೆಡಲಿನ ಕೈಯನ್ನು ಹಿಡಿದುಕೊಳ್ಳುವ ಆ ಸಣ್ಣ ಪಿನ್ನಿನ ಮೇಲೆ ಅವನಿಗಿದ್ದ ಮಮತೆ ಸ್ವಂತ ಮಕ್ಕಳ ಮೇಲೆ ಇತ್ತೋ ಇಲ್ಲವೋ. ಅಂಗಡಿಯ ಎದುರಿಗೆ ಗೋಳಿಮರದ ಕಟ್ಟೆ. ಕಲಿಯುವವರು ಆ ಕಟ್ಟೆಯ ಮೇಲೆ ಎಡಗಾಲಿಟ್ಟು ಸೈಕಲ್ ಹತ್ತಬೇಕು, ಒಂದು ಸುತ್ತು ಹೋಗಿ ಬಂದು ಅದೇ ಕಟ್ಟೆಗೆ ಕಾಲು ಕೊಟ್ಟು ಇಳಿಯಬೇಕು. ನಡುವೆ ಇಳಿದರೆ ಮರುದಿನ ಸೈಕಲ್ ಇಲ್ಲ.

ಹಾಗಾಗಿ ನಾನು ಸೈಕಲ್ ಬಿಡಲು ಕಲಿತೆ. ಚೆನ್ನಾಗಿಯೇ ಕಲಿತೆ. ಕೈಬಿಟ್ಟು ಹೋಗುತ್ತಿದ್ದೆ, ಮಳೆಯಲ್ಲಿ ಕೊಡೆ ಹಿಡಿದು ಹೋಗುತ್ತಿದ್ದೆ. ಆದರೆ ಕಲ್ಲಿಲ್ಲದೆ ಹತ್ತಲು ಕಲಿಯಲೇ ಇಲ್ಲ. ಎರಡು ಸಲ ಗುಟ್ಟಾಗಿ ಪ್ರಯತ್ನಿಸಿದೆ. ಮೊದಲ ಸಲ ಸೈಕಲ್ ಮುಂದೆ ಹೋಯಿತು, ನಾನು ಹೋಗಲಿಲ್ಲ. ಎರಡನೆಯ ಸಲ ಇಬ್ಬರೂ ಒಟ್ಟಿಗೇ ಹೋದೆವು, ಗದ್ದೆಗೆ. ಅಷ್ಟಕ್ಕೇ ಬಿಟ್ಟೆ. ಪೇಟೆಯಲ್ಲಿ ಏನು ತೊಂದರೆ? ಎಲ್ಲಿ ನೋಡಿದರೂ ಅಂಗಡಿ ಮೆಟ್ಟಿಲು, ಜಗಲಿ, ಕಟ್ಟೆ. ನಮ್ಮ ಊರಿನವರು ಕಟ್ಟೆ ಇಲ್ಲದೆ ಬದುಕುವ ಜನ ಅಲ್ಲ.

ನನಗೆ ಸೈಕಲ್ಲಿನ ಕನಸುಗಳು ಬೀಳುತ್ತವೆ. ಆ ಕನಸುಗಳಲ್ಲಿ ಯಾರೂ ಸೈಕಲ್ ಹತ್ತುವುದಿಲ್ಲ, ಹತ್ತಿಯೇ ಇರುತ್ತಾರೆ. ರಸ್ತೆ ತಾನಾಗಿ ಕೆಳಗಿಂದ ಸರಿಯುತ್ತದೆ. ಪೆಡಲು ತುಳಿದರೂ ಆದೀತು, ತುಳಿಯದಿದ್ದರೂ ಆದೀತು. ಕಷ್ಟ ಇರುವುದು ಎಚ್ಚರ ಇದ್ದಾಗ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ನಾನು ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಾಗ, ನಮ್ಮೂರಿನಲ್ಲಿ ಒಂದು ಸೈಕಲ್ ಸಂಘ ಹುಟ್ಟಿತು. ಹುಟ್ಟಿಸಿದವರು ಸಂಜೀವ ಮಾಸ್ಟ್ರು. ಶಾಲೆಯಲ್ಲಿ ಡ್ರಿಲ್ ಮಾಸ್ಟ್ರು, ಕೊರಳಲ್ಲಿ ಸದಾ ಪೀಪಿ, ಎದೆ ಯಾವಾಗಲೂ ಉಸಿರು ಎಳೆದುಕೊಂಡ ಸ್ಥಿತಿಯಲ್ಲಿ. ಎರಡನೆಯ ಸದಸ್ಯ ಟೈಲರ್ ಗಂಗಣ್ಣ, ಕಡಿಮೆ ಮಾತಿನವ, ಬಾಯಲ್ಲಿ ಗುಂಡುಸೂಜಿ ಇಲ್ಲದಿದ್ದರೂ ಇದ್ದವನ ಹಾಗೆ ತುಟಿ ಬಿಗಿಹಿಡಿದು ಮಾತಾಡುವವ. ಅವರಿಬ್ಬರೂ ಸೈಕಲ್ ಕಲಿತದ್ದು ಕೊಗ್ಗಣ್ಣನಲ್ಲೇ. ಆದರೆ ಆ ಹೊತ್ತಿಗೆ ನನ್ನ ತಲೆಗೆ ಇದೇನೂ ಹೊಳೆಯಲಿಲ್ಲ. ಮೂರನೆಯವ ಹಮೀದ್. ಅವ ಬಂಟ್ವಾಳದವ ಅಲ್ಲ, ಹೊಳೆಯಾಚೆ ಪಾಣೆಮಂಗಳೂರಿನ ಅಡಿಕೆ ವ್ಯಾಪಾರಿಯ ಮಗ, ಮಾವನ ಸೈಕಲ್ಲಿನಲ್ಲಿ ಕಲಿತವ.

ಹಮೀದನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಅಡ್ಡಹೆಸರು ಇಡುವ ಕೆಲಸ ಅವನದು. ಯಾರೂ ಕೊಟ್ಟ ಕೆಲಸ ಅಲ್ಲ, ಅವನಾಗಿ ವಹಿಸಿಕೊಂಡದ್ದು. ಒಬ್ಬರು ಯಜಮಾನರು ಮದುವೆಮನೆಯಲ್ಲಿ "ಪಾಯಸ ಪುನಃ ಬರ್ಲಿ" ಎಂದು ಸ್ವಲ್ಪ ಗಟ್ಟಿಯಾಗಿ ಕೇಳಿದರು. ಅಂದಿನಿಂದ ಅವರು 'ಪುನಃ' ಆದರು. "ಪುನಃ ಅವರ ಮನೆ ಎಲ್ಲಿ?" ಎಂದು ಕೇಳಿದರೆ ಸಣ್ಣ ಮಕ್ಕಳೂ ದಾರಿ ತೋರಿಸುತ್ತಿದ್ದರು. ಬೇಸಗೆಯಲ್ಲಿ ಕೊಡೆ ಹಿಡಿದ ಇನ್ನೊಬ್ಬರು 'ಮೋಡಣ್ಣ' ಆದರು, ಅವರ ಮಗ 'ಸಣ್ಣ ಮೋಡ'. ಹಮೀದ್ ಹೆಸರಿಟ್ಟರೆ ಅದು ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಹುಟ್ಟಿ ಸಂಜೆ ವಿಟ್ಲದ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿತ್ತು. ನನ್ನ ಅಮ್ಮ ನನಗೆ ಹೆಣ್ಣು ಹುಡುಕುತ್ತಿದ್ದ ಸಮಯ ಅದು. ಹೆಣ್ಣಿನ ಮನೆಗೆ ಜಾತಕಕ್ಕಿಂತ ಮೊದಲು ಅಡ್ಡಹೆಸರು ಹೋಗಿ ಮುಟ್ಟುತ್ತಿದ್ದ ಕಾಲ. ನನ್ನ ಹೆಸರು ವಾಸು. 'ಕಲ್ಲಿನ ವಾಸು' ಎಂಬುದನ್ನು ನಾನೇ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ. ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ! ಕೂತರೆ ಮತ್ತೆ ಏಳುವ ಹೆಸರಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸಂಘಕ್ಕೆ ಯಾಕೆ ಸೇರಿದೆ ಎಂದು ಕೇಳಬೇಡಿ. ಭಾನುವಾರ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿರುವಾಗ ಅವರು ಮೂವರು ಮಂಜಿನೊಳಗೆ ಬೆಲ್ ಬಾರಿಸಿಕೊಂಡು ಹೋಗುತ್ತಿದ್ದರು. ಮನುಷ್ಯರು ಕಾಣುತ್ತಿರಲಿಲ್ಲ, ಬೆಲ್ ಮಾತ್ರ ಕೇಳುತ್ತಿತ್ತು, ಆಮೇಲೆ ಅದೂ ನೇತ್ರಾವತಿಯ ಕಡೆಗೆ ಕರಗಿಹೋಗುತ್ತಿತ್ತು. ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಾನು ಅಲ್ಲೇ ನಿಂತಿರುತ್ತಿದ್ದೆ. ಅವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ನಾನೂ ಹೋಗಬೇಕು. ಅಷ್ಟೇ ಕಾರಣ.

ಮೊದಲ ಸವಾರಿ ಮೂಡುಬಿದಿರೆಗೆ. ಸಿದ್ಧಕಟ್ಟೆಯ ದಾರಿಯಾಗಿ ಹೋಗಿ ಸಾವಿರ ಕಂಬದ ಬಸದಿ ನೋಡಿ ಬರುವುದು ಎಂದು ಮಾಸ್ಟ್ರು ತೀರ್ಮಾನಿಸಿದ್ದರು. ಅಮ್ಮ ಅದಕ್ಕೆ ತಿದ್ದುಪಡಿ ಹಾಕಿದಳು. "ಮೂಡುಬಿದಿರೆವರೆಗೆ ಹೋಗಿ ಬೆಳುವಾಯಿ ದೊಡ್ಡಮ್ಮನ ಮನೆಗೆ ಹೋಗದೆ ಬಂದ್ರೆ ನಾನು ಅವಳಿಗೆ ಮುಖ ತೋರಿಸುವುದು ಹೇಗೆ?" ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮಾಸ್ಟ್ರಿಗೆ ಹೇಳಿದೆ. ಊಟ ಉಂಟು ಎಂದು ತಿಳಿದ ಕೂಡಲೇ ಸಂಘ ಒಮ್ಮತದಿಂದ ಒಪ್ಪಿತು.

ಡಿಸೆಂಬರಿನ ಚಳಿ. ಕೊಗ್ಗಣ್ಣನ ಕಟ್ಟೆಯ ಎದುರು ಬೆಳಕು ಹರಿಯುವ ಮೊದಲೇ ಸೇರಿದೆವು. ಗಂಗಣ್ಣ ನಮ್ಮ ಅಂಗಡಿಯ ತುಂಡುಬಟ್ಟೆಯಲ್ಲಿ ಎಲ್ಲರಿಗೂ ಒಂದೇ ನಮೂನೆಯ ಟೊಪ್ಪಿ ಹೊಲಿದಿದ್ದ. ಅದು ಪರದೆಯ ಬಟ್ಟೆ, ದೊಡ್ಡ ದೊಡ್ಡ ಹೂವಿನದ್ದು. ಅದನ್ನು ಹಾಕಿದ ಮಾಸ್ಟ್ರು ಹೂಕುಂಡದ ಹಾಗೆ ಕಾಣುತ್ತಿದ್ದರು. ಯಾರೂ ನಗಲಿಲ್ಲ, ಯಾಕೆಂದರೆ ಎಲ್ಲರ ತಲೆಯ ಮೇಲೂ ಅದೇ ಇತ್ತು.

"ಸದಸ್ಯರು ಗಮನವಿಟ್ಟು ಕೇಳತಕ್ಕದ್ದು" ಎಂದರು ಮಾಸ್ಟ್ರು. ನಾವು ಮಾತಾಡುವುದೆಲ್ಲ ತುಳುವಿನಲ್ಲಿ, ಇಲ್ಲಿ ನಿಮಗಾಗಿ ಕನ್ನಡ ಮಾಡಿದ್ದೇನೆ. ಆದರೆ ಸಂಘದ ವಿಷಯ ಬಂದರೆ ಮಾಸ್ಟ್ರು ನಿಜವಾಗಿಯೂ ಕನ್ನಡಕ್ಕೆ ಬರುತ್ತಿದ್ದರು, ಅದೂ ಪಾಠಪುಸ್ತಕದ್ದು. "ಹೊಸ ಸದಸ್ಯ ಮುಂದೆ ಹೋಗತಕ್ಕದ್ದು. ಅವನ ವೇಗವೇ ಎಲ್ಲರ ವೇಗ. ಅವನನ್ನು ಯಾರೂ ಹಿಂದೆ ಹಾಕಕೂಡದು. ಅವನ ಹಿಂದೆ ನಾನು, ನನ್ನ ಹಿಂದೆ ಗಂಗಣ್ಣ."

"ನಾನು ಕಡೆಗೆ ಬರ್ತೇನೆ ಮಾಸ್ಟ್ರೆ" ಎಂದ ಹಮೀದ್. "ಯಾರಾದ್ರೂ ಬಿದ್ರೆ ಹೆಕ್ಕಲಿಕ್ಕೆ ಜನ ಬೇಕಲ್ಲ?"

ಹೇಳುವಾಗ ಅವ ನನ್ನನ್ನೇ ನೋಡಿದ. ಬೇಗ ಬೇಗನೆ ಕಟ್ಟೆಗೆ ಕಾಲು ಕೊಟ್ಟು ಹತ್ತಿ, ಹಿಂದೆ ನೋಡದೆ ಹೊರಟೆ. ಮಾಸ್ಟ್ರ ಪೀಪಿ ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಹಿಂದೆ ಮೂರು ಸೈಕಲ್ಲುಗಳ ಸದ್ದು ಸೇರಿಕೊಂಡಿತು.

ಆ ಬೆಳಗನ್ನು ನಾನು ಯಾರಿಗಾದರೂ ಕೊಡುವ ಹಾಗಿದ್ದರೆ ಒಂದು ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದೆ. ಆಗ ಟಾರು ಎಲ್ಲಿತ್ತು, ಕೆಂಪುಮಣ್ಣಿನ ರಸ್ತೆ. ಇಬ್ಬನಿಗೆ ಧೂಳೆಲ್ಲ ಕೂತು ಮೆತ್ತಗಾಗಿತ್ತು. ಟಯರು ಅದರ ಮೇಲೆ ಹೋಗುವಾಗ ಬೆಕ್ಕು ಹಾಲು ನೆಕ್ಕುವ ಹಾಗೆ ಸದ್ದು. ಎರಡೂ ಕಡೆ ಏನಿದೆ ಎಂದು ಕಾಣದಷ್ಟು ಮಂಜು. ಒಂದು ಕೋಳಿ ಕೂಗಿದರೆ ಅಲ್ಲೊಂದು ಮನೆ ಉಂಟು ಎಂದು ಗೊತ್ತಾಗುತ್ತಿತ್ತು, ಒಲೆಯ ಹೊಗೆಯ ವಾಸನೆ ಬಂದರೆ ಇನ್ನೊಂದು. ಗುಡ್ಡದ ನೆತ್ತಿಯ ಪದವಿನ ಏರು ಹತ್ತಿ ಮೇಲೆ ಬಂದಾಗ ಸೂರ್ಯ ಹುಟ್ಟಿದ, ಕೆಳಗಿನ ಮಂಜೆಲ್ಲ ಹತ್ತಿಯ ಹಾಸಿಗೆಯಾಯಿತು. ನಾಲ್ಕು ನೆರಳುಗಳು ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದು ನಮ್ಮ ಜೊತೆಗೇ ಬರುತ್ತಿದ್ದವು. ಎಲ್ಲಕ್ಕಿಂತ ಮುಂದೆ ನನ್ನದು. ಜೀವಮಾನದಲ್ಲಿ ಯಾವುದರಲ್ಲಿಯೂ ಮುಂದೆ ಇದ್ದವನಲ್ಲ ನಾನು. ಶಾಲೆಯಲ್ಲಿ ಹಿಂದಿನ ಬೆಂಚು, ಮದುವೆಮನೆಯಲ್ಲಿ ಕೊನೆಯ ಪಂಕ್ತಿ. ಅಂದು ಮಾತ್ರ ಮೂವರು ದೊಡ್ಡವರು ನನ್ನ ವೇಗದಲ್ಲಿ ಬರುತ್ತಿದ್ದರು.

ನಿಲ್ಲುವ ಯೋಚನೆ ಬಂದರೆ ಮಾತ್ರ ಕನಸು ಒಡೆಯುತ್ತಿತ್ತು. ಆದರೆ ಮಾಸ್ಟ್ರು ವಿಶ್ರಾಂತಿಯ ಪೀಪಿ ಊದಿದಾಗಲೆಲ್ಲ ಸರಿಯಾಗಿ ಪಕ್ಕದಲ್ಲಿ ಒಂದು ಮೋರಿಕಟ್ಟೆಯೋ ಮೈಲುಗಲ್ಲೋ ಇರುತ್ತಿತ್ತು. ನನ್ನ ಅದೃಷ್ಟ ಎಂದುಕೊಂಡೆ. ಮೋರಿಕಟ್ಟೆಯ ಮೇಲೆ ಕೂತು ನೀರು ಕುಡಿಯುವುದು, ಮತ್ತೆ ಎಲ್ಲರಿಗಿಂತ ಮೊದಲು ಅದಕ್ಕೇ ಕಾಲು ಕೊಟ್ಟು ಹತ್ತಿ ಹೊರಡುವುದು. ಮುಂದೆ ಹೋಗುವವನಿಗೆ ಹಿಂದಿನವರು ಹೇಗೆ ಹತ್ತುತ್ತಾರೆ ಎಂದು ಹೇಗೆ ಗೊತ್ತಾಗಬೇಕು? ಅವರೆಲ್ಲ ಗಂಡಸರ ಹಾಗೆ ಕುಪ್ಪಳಿಸಿ ಹತ್ತುತ್ತಾರೆ ಎಂದೇ ನನ್ನ ನಂಬಿಕೆ. ಸಿದ್ಧಕಟ್ಟೆಯ ಚಾದಂಗಡಿಯಲ್ಲಿ ಬನ್ಸು ತಿಂದು ಹೊರಡುವಾಗ ನಾನು ಅಂಗಡಿಯ ಮೆಟ್ಟಿಲಿಗೆ ಕಾಲು ಕೊಟ್ಟೆ. ಹಮೀದ್ ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತಾ ನೋಡುತ್ತಿದ್ದ. ಏನೂ ಹೇಳಲಿಲ್ಲ. ಅವ ಏನೂ ಹೇಳದಿದ್ದರೆ ನನಗೆ ಇನ್ನೂ ಭಯ. ಹೆಸರು ಹುಡುಕುವಾಗ ಹಮೀದ್ ಯಾವಾಗಲೂ ಮೌನವಾಗಿರುತ್ತಿದ್ದ.

ಬಸದಿಯನ್ನು ನೋಡಿದೆವು. ನಾನು ಕಂಬ ನೋಡಿದ್ದಕ್ಕಿಂತ ಹೆಚ್ಚು ಹೊರಗೆ ಒಳ್ಳೆಯ ಎತ್ತರದ ಕಟ್ಟೆ ಎಲ್ಲಿದೆ ಎಂದು ನೋಡಿದೆ. ಇದನ್ನು ಹೇಳಲು ನಾಚಿಕೆ ಇಲ್ಲ. ಒಳಗಿನ ತಂಪು ಮಾತ್ರ ಇನ್ನೂ ಅಂಗಾಲಿನಲ್ಲಿದೆ. ಬಿಸಿಲಿನಿಂದ ಬಂದು ಬರಿಗಾಲಿನಲ್ಲಿ ಆ ಕಲ್ಲಿನ ಮೇಲೆ ನಿಂತರೆ ಹೊಳೆಯಲ್ಲಿ ನಿಂತ ಹಾಗಿತ್ತು. ಗಂಗಣ್ಣ ಒಂದು ಕಂಬದ ಕೆತ್ತನೆಯ ಮೇಲೆ ಬೆರಳು ಓಡಿಸಿ, "ಒಂದು ಹೊಲಿಗೆ ತಪ್ಪಲಿಲ್ಲ ನೋಡು" ಎಂದ. ಅವ ದಿನವಿಡೀ ಆಡಿದ ಅತಿ ಉದ್ದದ ಮಾತು ಅದು.

ಬೆಳುವಾಯಿಯಲ್ಲಿ ದೊಡ್ಡಮ್ಮ ನಮ್ಮ ಟೊಪ್ಪಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಬಂಟ್ವಾಳದಿಂದ ಸೈಕಲ್ಲಲ್ಲಾ? ನಿನ್ನ ಅಮ್ಮನಿಗೆ ಬುದ್ಧಿ ಉಂಟಾ? ಬಸ್ಸು ಇಲ್ವಾ?"

"ಬಸ್ಸು ಉಂಟು ದೊಡ್ಡಮ್ಮ. ಇದು ಸಂಘ."

"ಸಂಘ ಆದ್ರೆ ಬಸ್ಸಲ್ಲಿ ಬರ್ಲಿಕ್ಕಾಗುದಿಲ್ವಾ?"

ಮಾಸ್ಟ್ರು ಆರೋಗ್ಯದ ಕುರಿತು ಎರಡು ಮಾತು ಹೇಳಲು ಎದೆ ಉಬ್ಬಿಸಿದರು. ಅಷ್ಟರಲ್ಲಿ ಬೆಲ್ಲ ನೀರು ಬಂತು. ಹಿಂದೆಯೇ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು, ಹಪ್ಪಳ, ಕೊನೆಗೆ ಹೆಸರುಬೇಳೆ ಪಾಯಸ. ಹಮೀದ್ ಎರಡನೆಯ ಸಲ ಪಾಯಸಕ್ಕೆ ಕೈ ಒಡ್ಡುವಾಗ "ಪುನಃ" ಎಂದು ಬಾಯಿಗೆ ಬಂದದ್ದನ್ನು ನುಂಗಿ, "ಇನ್ನೊಂದು ಚೂರು ಬರ್ಲಿ ದೊಡ್ಡಮ್ಮ" ಎಂದ. ಮಾಸ್ಟ್ರಿಗೆ ನಗು ಬಂದು ಪಾಯಸ ನೆತ್ತಿಗೆ ಹತ್ತಿತು. ಏಳುವ ಹೊತ್ತಿಗೆ ಸಂಘದಲ್ಲಿ ಉಸಿರಾಡಲು ಜಾಗ ಇರಲಿಲ್ಲ. ದೊಡ್ಡಮ್ಮನ ಮನೆಯ ಪಾಗಾರದ ಗೋಡೆಗೆ ಕಾಲು ಕೊಟ್ಟು ನಾನು ಹೊರಟೆ. ಹಿಂದಿನಿಂದ ಒಬ್ಬೊಬ್ಬರಾಗಿ ಬಂದರು. ಎಲ್ಲ ಸುಸೂತ್ರ.

ಮೂಡುಬಿದಿರೆಗೆ ಹಿಂದಿರುಗುವ ದಾರಿಯಲ್ಲಿ ಒಂದು ದೊಡ್ಡ ಬೈಲು. ರಸ್ತೆ ಅದರ ನಡುವೆ ಹೋಗುತ್ತದೆ. ಎರಡೂ ಕಡೆ ನೀರು ನಿಲ್ಲಿಸಿದ ಗದ್ದೆ, ಹೆಂಗಸರು ಬಗ್ಗಿ ಭತ್ತದ ನೇಜಿ ನೆಡುತ್ತಿದ್ದರು. ಆಕಾಶ ಮೇಲೆ ಒಂದು, ಗದ್ದೆಯೊಳಗೆ ಒಂದು. ಹೊಟ್ಟೆ ತುಂಬಿದ ನಿದ್ದೆಗಣ್ಣಿನಲ್ಲಿ ನಾನು ಯಾವುದರ ಮೇಲೆ ಸೈಕಲ್ ಬಿಡುತ್ತಿದ್ದೇನೆ ಎಂದೇ ಗೊತ್ತಾಗುತ್ತಿರಲಿಲ್ಲ. ಆಗ ಎದುರಿನಿಂದ ಡೋಲಿನ ಸದ್ದು ಕೇಳಿತು.

ಕಂಬಳದ ಕೋಣಗಳು. ಒಂದು ಜೊತೆ. ಎಣ್ಣೆ ಹಚ್ಚಿ ಮಿರಮಿರ ಮಿಂಚುವ ಕರಿ ಮೈ, ಕೊಂಬಿನ ನಡುವೆ ಹಿತ್ತಾಳೆಯ ಪಟ್ಟಿ, ಮುಂದೆ ಡೋಲಿನವರು, ಎರಡು ಪಕ್ಕ ಹಗ್ಗ ಹಿಡಿದ ಜನ. ಮದುಮಗನ ದಿಬ್ಬಣ ಇದಕ್ಕಿಂತ ಚಂದ ಇರುವುದಿಲ್ಲ. ನಾನು ರೂಢಿಯ ಬಲದಲ್ಲಿ ಬೆಲ್ ಬಾರಿಸಿದೆ. ಒಂದು ಕೋಣ ತಲೆ ಎತ್ತಿ ಸೀದಾ ನನ್ನ ಹೂವಿನ ಟೊಪ್ಪಿಯನ್ನು ನೋಡಿತು.

"ಜಪ್ಪುಲೆ! ಜಪ್ಪುಲೆ!" ಎಂದು ಹಗ್ಗ ಹಿಡಿದವ ಬೊಬ್ಬೆ ಹಾಕಿದ. ಇಳಿಯಿರಿ ಎಂದು ಅರ್ಥ. "ಬೆಲ್ ಬಾರಿಸ್ಬೇಡಿ ಮಾರಾಯ್ರೆ, ಇವ ಹೆದರ್ತಾನೆ! ಆ ಟೊಪ್ಪಿ ತೆಗೀರಿ!"

ನಾಲ್ವರೂ ಇಳಿದೆವು. ಇಳಿದೆವು ಎನ್ನುವುದು ಮರ್ಯಾದೆಯ ಮಾತು, ನಾನು ಸೈಕಲ್ ವಾಲಿಸಿ ಒಂದು ಕಾಲಿನಲ್ಲಿ ಕುಂಟಿ ನಿಂತೆ. ಟೊಪ್ಪಿ ಕೈಯಲ್ಲಿ ಹಿಡಿದು ರಸ್ತೆಯ ಅಂಚಿಗೆ ಸರಿದೆವು. ಕೋಣಗಳು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದೊಡ್ಡ ಮನುಷ್ಯರ ನಡಿಗೆಯಲ್ಲಿ ದಾಟಿಹೋದವು. ಡೋಲು ದೂರವಾಯಿತು. ಬೈಲು ಮತ್ತೆ ನಿಶ್ಶಬ್ದ.

ಈಗ ಹತ್ತಬೇಕು.

ನಾನು ಮುಂದೆ ನೋಡಿದೆ. ಮೋರಿ ಇಲ್ಲ. ಹಿಂದೆ ನೋಡಿದೆ. ಕಟ್ಟೆ ಇಲ್ಲ, ಮರ ಇಲ್ಲ, ಮನೆ ಇಲ್ಲ. ಫರ್ಲಾಂಗು ಕಲ್ಲುಗಳಿದ್ದವು ನಿಜ, ಆದರೆ ಅವು ಅರ್ಧ ಹೂತುಹೋದ ಕುಳ್ಳ ಕಲ್ಲುಗಳು. ಎಡವಲಿಕ್ಕೆ ಸಾಕು, ಹತ್ತಲಿಕ್ಕೆ ಸಾಲದು. ಮುಂದಿನ ಮೈಲುಗಲ್ಲು ಬೈಲಿನ ಆಚೆ ತುದಿಯಲ್ಲಿ ಎಲ್ಲೋ ಇರಬೇಕು. ನನ್ನ ಹಿಂದೆ ಮೂವರು ನಿಂತಿದ್ದಾರೆ. ಅವರಲ್ಲಿ ಒಬ್ಬ ಹಮೀದ್. ಕಲ್ಲಿನ ವಾಸು ಹುಟ್ಟುವ ಮುಹೂರ್ತ ಬಂತು ಎಂದುಕೊಂಡೆ.

"ಎಷ್ಟು ಚಂದದ ಬೈಲು!" ಎಂದೆ. ಬೇರೆ ಏನು ಹೇಳುವುದು? "ಸ್ವಲ್ಪ ನೋಡಿಕೊಂಡು ಬರ್ತೇನೆ. ನೀವು ಹೋಗ್ತಾ ಇರಿ ಮಾಸ್ಟ್ರೆ."

ಮಾಸ್ಟ್ರು ಹೋಗಲಿಲ್ಲ. ಸೈಕಲ್ಲಿನ ಸೀಟು ತಟ್ಟಿದರು, ಆಕಾಶ ನೋಡಿದರು, ಉಸಿರು ಎಳೆದರು. "ಹೊಸ ಸದಸ್ಯನನ್ನು ಹಿಂದೆ ಹಾಕಕೂಡದು. ನಿಯಮ" ಎಂದರು. "ಅಲ್ಲದೆ ಊಟವಾದ ಬಳಿಕ ತುಸು ನಡೆಯುವುದು ಆರೋಗ್ಯಕ್ಕೆ ಹಿತಕರ. ಗಂಗಣ್ಣ ಬೇಕಾದರೆ ಹೋಗಲಿ."

ಗಂಗಣ್ಣ ಕುಕ್ಕರಗಾಲಿನಲ್ಲಿ ಕೂತು ಚೈನು ಮುಟ್ಟುತ್ತಿದ್ದ. "ಸಡಿಲ ಉಂಟು" ಎಂದ.

"ಬೆಳಿಗ್ಗೆ ಸರಿ ಇತ್ತಲ್ಲ?" ಎಂದೆ.

"ಈಗ ಸಡಿಲ ಉಂಟು."

ನಾನು ಮಾಸ್ಟ್ರ ಮುಖ ನೋಡಿದೆ. ಡ್ರಿಲ್ ಮಾಸ್ಟ್ರ ಹಣೆಯ ಮೇಲೆ ಬೆವರು. ಗಂಗಣ್ಣನ ಮುಖ ನೋಡಿದೆ. ಅವ ಚೈನನ್ನು ಬಿಟ್ಟು ರಸ್ತೆಯ ಅಂಚಿನಲ್ಲಿ ಏನನ್ನೋ ಹುಡುಕುತ್ತಿದ್ದ. ಆ ಹುಡುಕಾಟ ನನಗೆ ಗೊತ್ತಿತ್ತು. ನನ್ನ ಕಣ್ಣೂ ಹೋದಲ್ಲೆಲ್ಲ ಅದನ್ನೇ ಮಾಡುತ್ತಿತ್ತಲ್ಲ? ಆಗ, ಆ ಬೈಲಿನ ನಡುವೆ, ನನ್ನ ತಲೆಯೊಳಗೆ ಕೊಗ್ಗಣ್ಣನ ಗೋಳಿಮರದ ಕಟ್ಟೆ ಎದ್ದು ನಿಂತಿತು. ಈ ಮಾಸ್ಟ್ರು ಎಲ್ಲಿ ಕಲಿತದ್ದು? ಈ ಗಂಗಣ್ಣ ಎಲ್ಲಿ ಕಲಿತದ್ದು? ಬಂಟ್ವಾಳದ ಸೈಕಲ್ ಸಂಘದಲ್ಲಿ ಬಂಟ್ವಾಳದಲ್ಲೇ ಕಲಿತ ಒಬ್ಬನೇ ಒಬ್ಬ ಸದಸ್ಯನಿಗೂ ಸೈಕಲ್ ಹತ್ತಲಿಕ್ಕೆ ಬರುವುದಿಲ್ಲ!

ಉಳಿದವ ಹಮೀದ್. ಅವ ಸೈಕಲ್ಲಿಗೆ ಒರಗಿ ನಿಂತು, ಮೊದಲು ಮಾಸ್ಟ್ರನ್ನು, ಆಮೇಲೆ ಗಂಗಣ್ಣನನ್ನು, ಆಮೇಲೆ ನನ್ನನ್ನು ನಿಧಾನವಾಗಿ ನೋಡಿದ. ಅಂಥ ಫಸಲು ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಕ್ಕಿಲ್ಲ. ಒಂದೇ ಜಾಗದಲ್ಲಿ ಮೂರು ಹೆಸರು. ಇಲ್ಲ, ಒಂದೇ ಹೆಸರಿನಲ್ಲಿ ಇಡೀ ಸಂಘ. ಒಂದು ಹಾರು ಹಾರಿ ಕೂತು, ನಮ್ಮನ್ನು ಅಲ್ಲೇ ಬಿಟ್ಟು, ಕೂಗಿಕೊಂಡು ಹೋಗಬಹುದಿತ್ತು. ಸಂಜೆಯ ಹೊತ್ತಿಗೆ ವಿಟ್ಲ ಮುಟ್ಟುತ್ತಿತ್ತು.

ಅವ ಟೊಪ್ಪಿ ತಲೆಗೆ ಹಾಕಿ ಸರಿಮಾಡಿಕೊಂಡ.

"ನಡೆಯುವ ಮಾಸ್ಟ್ರೆ. ನನಗೂ ಹೊಟ್ಟೆ ಭಾರ ಉಂಟು" ಎಂದ. "ನಡೆಯುವಾಗ ನಮ್ಮ ಅಜ್ಜನ ಕಥೆ ಒಂದು ಹೇಳ್ತೇನೆ."

ನಾಲ್ವರೂ ಸೈಕಲ್ ದೂಡಿಕೊಂಡು ಹೊರಟೆವು. ತುಳಿಯದ ಸೈಕಲ್ಲಿನ ಚಕ್ರ ಟಿಕಟಿಕ ಎನ್ನುತ್ತದಲ್ಲ, ನಾಲ್ಕು ಗಡಿಯಾರಗಳು ನಾಲ್ಕು ಬೇರೆ ಬೇರೆ ಊರಿನ ಸಮಯ ಹೇಳುತ್ತಾ ಬಂದ ಹಾಗೆ. ನೇಜಿ ನೆಡುವವರಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದಳು.

"ಓ ಅಣ್ಣಂದಿರೇ, ಸೈಕಲ್ಲಿಗೆ ಕಾಲು ನೋವಾ?"

ಗದ್ದೆಯಿಡೀ ನಗು. ಹಮೀದ್ ಮಾತ್ರ ನಿಂತು ಗಂಭೀರವಾಗಿ ಉತ್ತರ ಕೊಟ್ಟ. "ಅದಕ್ಕೂ ಊಟ ಜಾಸ್ತಿ ಆಗಿದೆ ಅಕ್ಕ. ಸ್ವಲ್ಪ ನಡೆಸ್ತಾ ಇದ್ದೇವೆ."

ಅವನ ಕಥೆ ಇಷ್ಟು. ಅವನಜ್ಜ ಒಮ್ಮೆ ವಿಟ್ಲದ ಕಡೆಯ ಒಂದು ಮನೆಯಿಂದ ಹೊಸ ಎತ್ತುಗಳನ್ನು ಕೊಂಡು ಗಾಡಿಗೆ ಕಟ್ಟಿದ್ದರು. ಮೊದಲ ದಿನವೇ ಅಡಿಕೆ ಹೇರಿಕೊಂಡು ಬರುವಾಗ ಅಜ್ಜನಿಗೆ ನಿದ್ದೆ ಹತ್ತಿತು. ಎತ್ತುಗಳು ಹೊಸ ಯಜಮಾನನ ಮನೆ ಬಿಟ್ಟು ಸೀದಾ ಹಳೆಯ ಯಜಮಾನನ ಅಂಗಳಕ್ಕೆ ಹೋಗಿ ನಿಂತವು.

"ಆ ಮನೆಯವರು ಬಂದು ನೋಡಿದ್ರು" ಎಂದ ಹಮೀದ್. "ಗಾಡಿ ಮೇಲೆ ಅಜ್ಜ ಬಾಯಿ ಬಿಟ್ಟು ಮಲಗಿದ್ದಾರೆ. ಎಬ್ಬಿಸಿದ್ರೆ ಪಾಪ ನಾಚಿಕೆ ಆಗ್ತದೆ ಅಂತ ಎಬ್ಬಿಸ್ಲಿಲ್ಲ. ಎತ್ತಿಗೆ ಹುಲ್ಲು ಹಾಕಿದ್ರು, ಅಜ್ಜನ ತಲೆ ಅಡಿಗೆ ಒಂದು ದಿಂಬು ಕೊಟ್ರು. ಆಮೇಲೆ ಗಾಡಿ ತಿರುಗಿಸಿ, ಅವರದ್ದೇ ಒಬ್ಬ ಜನ ನಡೆಸಿಕೊಂಡು ಬಂದು ಪಾಣೆಮಂಗಳೂರಿಗೆ ಮುಟ್ಟಿಸಿ ಮೆಲ್ಲಗೆ ಹೋದ. ಅಜ್ಜ ಎದ್ದು, 'ಎಂಥ ಒಳ್ಳೆ ಎತ್ತು, ದಾರಿ ತಾನೇ ತಿಳ್ಕೊಂಡಿದೆ' ಅಂತ ಊರಿಡೀ ಹೇಳಿದ್ರು."

"ಮತ್ತೆ ನಿಜ ಗೊತ್ತಾದದ್ದು ಹೇಗೆ?" ಎಂದು ಕೇಳಿದರು ಮಾಸ್ಟ್ರು.

"ದಿಂಬು ಗಾಡಿಯಲ್ಲೇ ಉಳಿದಿತ್ತಲ್ಲ ಮಾಸ್ಟ್ರೆ."

ನಾವು ನಕ್ಕೆವು. ಬಿಸಿಲು ಹಳದಿಯಾಗಿತ್ತು. ಗದ್ದೆಯ ನೀರಿನಲ್ಲಿ ನಾಲ್ವರು ಹೂವಿನ ಟೊಪ್ಪಿಯವರು ತಲೆಕೆಳಗಾಗಿ ನಡೆಯುತ್ತಿದ್ದರು, ಒಂದು ಬೆಳ್ಳಕ್ಕಿ ಅವರ ನಡುವೆ ಕಾಲಿಟ್ಟುಕೊಂಡು ಹೋಯಿತು. ಸೈಕಲ್ ಬಿಡಲೆಂದು ಹೋದ ದಿನದಲ್ಲಿ ನನಗೆ ಅತಿ ಹೆಚ್ಚು ನೆನಪಿರುವುದು ಸೈಕಲ್ ಬಿಡದೆ ಹೋದ ಆ ದಾರಿ. ಈಗಲೂ ನಿದ್ದೆ ಬಾರದಿದ್ದರೆ ನಾನು ಮನಸ್ಸಿನಲ್ಲಿ ಆ ಬೈಲು ದಾಟುತ್ತೇನೆ. ಮೈಲುಗಲ್ಲು ಬರುವ ಮೊದಲೇ ನಿದ್ದೆ ಬರುತ್ತದೆ.

ಅಂದು ಮೈಲುಗಲ್ಲು ಬಂತು. ಸುಣ್ಣ ಬಳಿದ, ಮೊಣಕಾಲೆತ್ತರದ, ಸುಂದರವಾದ ಮೈಲುಗಲ್ಲು. ದೇವಸ್ಥಾನದಲ್ಲಿ ತೀರ್ಥಕ್ಕೆ ನಿಂತ ಹಾಗೆ ಸಾಲಿನಲ್ಲಿ ನಿಂತೆವು. ನಾನು ಹತ್ತಿದೆ. ಇಷ್ಟು ಹೊತ್ತು ಇಲ್ಲದ ಧೈರ್ಯ ಬಂದು ಈ ಸಲ ಹಿಂದಕ್ಕೆ ತಿರುಗಿ ನೋಡಿದೆ. ಮಾಸ್ಟ್ರು ಕಲ್ಲಿಗೆ ಎಡಗಾಲು ಕೊಟ್ಟು ಹತ್ತಿದರು. ಗಂಗಣ್ಣನ ಚೈನು ತಾನಾಗಿ ಸರಿಯಾಗಿತ್ತು, ಅವನೂ ಕಲ್ಲಿಗೆ ಕಾಲು ಕೊಟ್ಟು ಹತ್ತಿದ. ಕೊನೆಗೆ ಹಮೀದ್. ಅವ ಕಲ್ಲಿನ ಹತ್ತಿರ ಬರಲೇ ಇಲ್ಲ. ಲುಂಗಿ ಎತ್ತಿ ಕಟ್ಟಿ, ಎರಡು ಹೆಜ್ಜೆ ಓಡಿ, ಗಾಳಿಗೆ ಎಲೆ ಎದ್ದ ಹಾಗೆ ಎದ್ದು ಸೀಟಿನ ಮೇಲೆ ಕೂತ. ನಾನು ನೋಡಿದ್ದನ್ನು ಅವ ನೋಡಿದ. ರಸ್ತೆ ನೋಡು ಎಂಬಂತೆ ಗಲ್ಲದಿಂದ ಸನ್ನೆ ಮಾಡಿದ.

ಕೊನೆಯಲ್ಲಿ ಬರುವವನಿಗೆ ಬೆಳಿಗ್ಗೆಯಿಂದ ಎಲ್ಲವೂ ಕಂಡಿತ್ತು.

ಇಷ್ಟಾದರೂ ನನ್ನ ಹೆದರಿಕೆ ಹೋಗಲಿಲ್ಲ. ಬೈಲಿನಲ್ಲಿ ಸುಮ್ಮನಿದ್ದವ ಪೇಟೆಯಲ್ಲಿ ಸುಮ್ಮನಿರುತ್ತಾನೆ ಎಂದು ಏನು ಗ್ಯಾರಂಟಿ? ಸೋಮವಾರ ಮಂಗಳವಾರ ಅಂಗಡಿಗೆ ಬಂದ ಪ್ರತಿ ಗಿರಾಕಿಯ ಬಾಯಿ ನೋಡಿದೆ, ಯಾರು ಮೊದಲು 'ಕಲ್ಲಿನ' ಎನ್ನುತ್ತಾರೆ ಎಂದು. ಯಾರೂ ಅನ್ನಲಿಲ್ಲ. ಗುರುವಾರ ಹಮೀದನೇ ಬಂದ, ತಲೆಯ ಮೇಲೆ ಅದೇ ಹೂವಿನ ಟೊಪ್ಪಿ. ಅಂಗಡಿಯ ತುಂಬ ಜನ, ಎದುರಿನ ಹೋಟೆಲಿನ ಬೆಂಚಿನಲ್ಲಿ ಪೇಟೆಯ ಅರ್ಧ. ನಮ್ಮ ಅಂಗಡಿಯ ಯಜಮಾನರು ತಕ್ಕಡಿಯಲ್ಲಿ ತೂಗುವ ಹಾಗೆ ನನ್ನನ್ನು ನೋಡಿ ಕೇಳಿಯೇ ಬಿಟ್ಟರು.

"ಏನು ಹಮೀದ್, ನಮ್ಮ ಹುಡುಗ ಸೈಕಲ್ ಬಿಡ್ತಾನಾ ಇಲ್ಲ ದೂಡ್ತಾನಾ?"

ನನ್ನ ಕೈಯಲ್ಲಿ ಗಜದ ಕೋಲು ನಿಂತಿತು. ಬೆಂಚಿನವರೂ ತಿರುಗಿದರು, ಯಾಕೆಂದರೆ ಹಮೀದ್ ಬಾಯಿ ತೆರೆದಿದ್ದ.

"ಇಡೀ ದಾರಿ ಅವನೇ ಮುಂದೆ ಇದ್ದದ್ದು ಧಣಿ" ಎಂದ ಹಮೀದ್. "ನಾವೆಲ್ಲ ಹಿಂದೆ."

ಅದು ಅಕ್ಷರಶಃ ಸತ್ಯ. ಲುಂಗಿಯ ಬಟ್ಟೆ ಕಟ್ಟಿಸಿಕೊಳ್ಳುವಾಗ ಅವ ನನ್ನ ಕಡೆಗೆ ಸ್ವಲ್ಪ ಬಗ್ಗಿದ. "ಬರುವ ಆದಿತ್ಯವಾರ ಬೆಳ್ತಂಗಡಿಗೆ ಹೋಗುವ ಅಂತ ಮಾಸ್ಟ್ರಿಗೆ ಹೇಳಿದ್ದೇನೆ. ನಿನ್ನೆ ಬಸ್ಸಲ್ಲಿ ಹೋಗಿ ನೋಡಿಕೊಂಡು ಬಂದೆ. ಆ ರಸ್ತೆಯಲ್ಲಿ ಮೋರಿಗಳು ಬೇಕಾದಷ್ಟು ಉಂಟು ಮಾರಾಯ."

ಪೊಟ್ಟಣವನ್ನು ಕ್ಯಾರಿಯರಿಗೆ ಸಿಕ್ಕಿಸಿ, ಸೈಕಲ್ ಸ್ಟ್ಯಾಂಡಿನಿಂದ ಇಳಿಸಿದ. ಎದುರು ನೆಟ್ಟಗಿನ ರಸ್ತೆ, ನೋಡಲಿಕ್ಕೆ ಅರ್ಧ ಪೇಟೆ. ಎರಡು ಹೆಜ್ಜೆ ಓಡಿ ಎಲೆಯ ಹಾಗೆ ಏಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಮೀದ್ ಸೈಕಲ್ಲನ್ನು ಮೆಲ್ಲಗೆ ನಮ್ಮ ಅಂಗಡಿಯ ಮೆಟ್ಟಿಲಿನ ಹತ್ತಿರ ತಂದ. ಎಡಗಾಲನ್ನು ಮೆಟ್ಟಿಲಿನ ಮೇಲೆ ಇಟ್ಟ. ಬಲಗಾಲನ್ನು ಆಚೆ ಹಾಕಿ, ಆನೆಯ ಮೇಲೆ ಕೂರುವವನ ಗತ್ತಿನಲ್ಲಿ ಕೂತು, ಟೊಪ್ಪಿ ಸರಿಮಾಡಿಕೊಂಡು ಬೆಲ್ ಬಾರಿಸಿದ.

ಬೆಂಚಿನಲ್ಲಿ ಕೂತಿದ್ದ ಒಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. "ಅದು ಸಂಘದವರ ಸ್ಟೈಲು ಮಾರಾಯ. ಅವರು ಹಾಗೆಯೇ ಹತ್ತುವುದು."